ದೋಣಿಮನೆಯಲ್ಲಿ ಲ್ಯಾಪ್‌ಟಾಪ್, ದಡದಲ್ಲಿ ಬೈಕು

ಕರಾವಳಿ ಉದ್ದಕ್ಕೂ ಹದಿನೈದು ದಿನ ಬೈಕ್ ಓಡಿಸಿ, ಕೊನೆಗೆ ಕೇರಳದ ಆಲಪ್ಪುಳದಲ್ಲಿ ಒಂದು ತಿಂಗಳು ದೋಣಿಮನೆ (ಹೌಸ್‌ಬೋಟ್) ಹಿಡಿದು ಅಲ್ಲಿಂದಲೇ ಆಫೀಸ್ ಕೆಲಸ ಮಾಡಬೇಕು ಅನ್ನೋದು ಮೈಸೂರಿನ ಬೈಕ್ ಗೆಳೆಯರ ಮಾತಲ್ಲಿ ಆಗಾಗ ಬರುವ ಆಸೆ. ಎಲ್ಲರ ಮೊದಲ ಪ್ರಶ್ನೆ, "ನೆಟ್‌ವರ್ಕ್ ಸಿಗತ್ತಾ?" ಸಿಗತ್ತೆ ಕಣ್ರೀ. ದಡಕ್ಕೆ ಕಟ್ಟಿದ ದೋಣಿಯಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡರೆ ಮೀಟಿಂಗ್ ನಡೆದುಹೋಗತ್ತೆ. ಕೆಲಸ ಕೆಡಿಸೋದು ಕರೆಂಟು ಮತ್ತು ತೇವ. ಬೃಂದಾವನದ ಬೋಟಿಂಗ್ ಕಂಡ ಕಣ್ಣಿಗೆ ದೋಣಿ ಅಂದರೆ ಅರ್ಧ ಗಂಟೆಯ ಮೋಜು, ಹಾಗಾಗಿ ಇವೆರಡೂ ತಲೆಗೆ ಹೊಳೆಯೋದೇ ಇಲ್ಲ.

ಪ್ರವಾಸಿಗರ ದೋಣಿಮನೆ ಸಾಮಾನ್ಯವಾಗಿ ಮಧ್ಯಾಹ್ನ ಹತ್ತಿ ಮರುದಿನ ಬೆಳಿಗ್ಗೆ ಇಳಿಯುವ ಲೆಕ್ಕದ್ದು. ಸಂಜೆ ಐದೂವರೆ ಹೊತ್ತಿಗೆ ದಡಕ್ಕೆ ಕಟ್ಟುತ್ತಾರೆ, ಆಮೇಲೆ ನೀರು ಬಲೆ ಹಾಕುವವರದ್ದು. ಎಸಿ ಓಡೋದು ಹೆಚ್ಚಿನ ಕಡೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ, ಅದೂ ಜನರೇಟರ್ ಮೇಲೆ. ಹಗಲು ಕೆಲಸ ಮಾಡುವವರಿಗೆ ಇದು ಪೂರಾ ತಿರುಗುಮುರುಗು. ತಿಂಗಳ ಮಾತಿಗೆ ಮಳೆಗಾಲದಲ್ಲಿ, ಒಂದೇ ಕೋಣೆಯ ದೋಣಿಯನ್ನು, "ಓಡಿಸೋದು ಬೇಡ, ಕಟ್ಟಿರಲಿ" ಅಂತ ಹೇಳಿ ಕೇಳಬೇಕು. ಎಂಜಿನ್ ಓಡದಿದ್ದರೆ ಡೀಸೆಲ್ ಉಳಿಯತ್ತೆ, ಚೌಕಾಸಿಗೂ ಜಾಗ ಇರತ್ತೆ.

ಕರೆಂಟಿನ ಲೆಕ್ಕ ಹಾಳೆಯ ಮೇಲೆ ಬರೆದೇ ಹೊರಡಿ. ಲ್ಯಾಪ್‌ಟಾಪ್ 50 ವಾಟ್, 8 ಗಂಟೆಗೆ 400 ವಾಟ್-ಅವರ್. ಡಿಸಿ ಫ್ಯಾನ್ 25 ವಾಟ್, 12 ಗಂಟೆಗೆ 300. ರೂಟರ್ 10 ವಾಟ್, 10 ಗಂಟೆಗೆ 100. ದೀಪ, ಫೋನ್ ಸೇರಿ 80. ಒಟ್ಟು 880. ದೋಣಿಯಲ್ಲಿರುವ 12 ವೋಲ್ಟ್ 100 ಆಂಪ್-ಅವರ್ ಮಾಮೂಲಿ ಲೆಡ್-ಆಸಿಡ್ ಬ್ಯಾಟರಿ ಹೆಸರಿಗೆ 1200 (ವೋಲ್ಟನ್ನು ಆಂಪ್-ಅವರ್‌ನಿಂದ ಗುಣಿಸಿದ ಲೆಕ್ಕ). ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ತೀರತ್ತೆ, ಅಂದರೆ ಕೈಗೆ ಸಿಗೋದು 600. ಮಧ್ಯಾಹ್ನ ಮೂರರ ಮೀಟಿಂಗ್ ಹೊತ್ತಿಗೆ ಕತ್ತಲೆ.

ಅದಕ್ಕೇ ಜೊತೆಗೆ ನಿಮ್ಮದೇ ಬ್ಯಾಟರಿ ಒಯ್ಯಿರಿ: ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 100 ಆಂಪ್-ಅವರ್, ಸುಮಾರು 12 ಕೆಜಿ. ಬೈಕಿನ ಸೈಡ್ ಬಾಕ್ಸ್‌ನಲ್ಲಿ ಕೂರುತ್ತೆ, ಆದರೆ ಇನ್ನೊಂದು ಬದಿಗೂ ಅಷ್ಟೇ ತೂಕ ಹಾಕಿ, ಇಲ್ಲದಿದ್ದರೆ ವಯನಾಡಿನಿಂದ ಇಳಿಯುವ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳಲ್ಲಿ ಬೈಕು ಒಂದೇ ಕಡೆ ವಾಲತ್ತೆ. ನೂರಕ್ಕೆ 80 ಭಾಗ ಬಳಸಿದರೂ ಸಾವಿರ ವಾಟ್-ಅವರ್ ಮೇಲೆ ಸಿಗತ್ತೆ. ರಾತ್ರಿ ಎಸಿಗೆ ಜನರೇಟರ್ ಓಡುವ ಒಂಬತ್ತು ತಾಸಿನಲ್ಲಿ 20 ಆಂಪ್ ಚಾರ್ಜರ್ ಇದನ್ನು ಪೂರ್ತಿ ತುಂಬಿಸತ್ತೆ. ಚಾರ್ಜರ್ ಮಾತ್ರ ಈ ಜಾತಿಯ ಬ್ಯಾಟರಿಗೇ ಮಾಡಿದ್ದಾಗಿರಲಿ. ಸೋಲಾರ್ ಪ್ಯಾನೆಲ್ ಹೊತ್ತು ಹೋಗೋದು ನನ್ನ ಲೆಕ್ಕದಲ್ಲಿ ದಂಡ. ಬೊಂಬಿನ ಚಾಪೆಯ ಗುಬುಟು ಚಾವಣಿ, ಮೇಲೆ ತೆಂಗಿನ ಗರಿ, ಸಾಲದ್ದಕ್ಕೆ ಮಳೆಗಾಲದ ಮೋಡ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ ಕೊಡುವ ಕರೆಂಟು ಕುಸಿಯತ್ತೆ.

ಇನ್ವರ್ಟರ್ ಕೂಡ ಬೇಡ. ಏನೂ ಓಡದಿದ್ದರೂ 10 ವಾಟ್ ತಿನ್ನುವ ಇನ್ವರ್ಟರ್ ದಿನಕ್ಕೆ 240 ವಾಟ್-ಅವರ್ ನುಂಗತ್ತೆ, ಅಂದರೆ ಲ್ಯಾಪ್‌ಟಾಪಿಗೆ ದಿನಕ್ಕೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚು. ಬ್ಯಾಟರಿಯಿಂದಲೇ ನೇರ ಓಡುವ 65 ವಾಟ್‌ನ ಟೈಪ್-ಸಿ ಕಾರ್ ಚಾರ್ಜರ್ ಸಾಕು. ಆದರೆ ವೈರ್ ನೋಡಿ ಹಾಕಿ. ಬ್ಯಾಟರಿಯಿಂದ ಮೇಜಿಗೆ 5 ಮೀಟರ್ ಇದ್ದರೆ ಹೋಗಿ ಬರುವ ದಾರಿ 10 ಮೀಟರ್. 1 ಚದರ ಮಿಮೀ ವೈರಿನಲ್ಲಿ 6 ಆಂಪ್ ಹರಿದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ಕರಗತ್ತೆ, 4 ಚದರ ಮಿಮೀ ಹಾಕಿದರೆ ಕಾಲು ವೋಲ್ಟ್. ಚಾರ್ಜರ್ ಕಟ್ ಆಗಿ ಕಟ್ ಆಗಿ ಹತ್ತುತ್ತಿದ್ದರೆ ಚಾರ್ಜರನ್ನು ಬೈಯಬೇಡಿ, ವೈರ್ ಮುಟ್ಟಿ ನೋಡಿ, ಬೆಚ್ಚಗಿರತ್ತೆ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ, ಫ್ಯೂಸ್ ಇರಲೇಬೇಕು. ಬೈಕಿಗೆ ಫ್ಯೂಸ್ ಇಲ್ಲದೆ ಫೋನ್ ಚಾರ್ಜರ್ ಸಿಕ್ಕಿಸಿಕೊಳ್ಳುವವರು ಇದನ್ನು ಎರಡು ಸಲ ಓದಿ. ಇಲ್ಲಿ ಬೆಂಕಿ ಹತ್ತಿದರೆ ಇಳಿದು ನಿಲ್ಲೋಕೆ ರಸ್ತೆ ಇಲ್ಲ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೋಗಲ್ಲ, ದೋಣಿಯ ಅಡಿತಳಕ್ಕೆ ಇಳಿದು ಅಲ್ಲೇ ಕೂತಿರತ್ತೆ. ಅಡಿತಳದ ಪಂಪ್ ಸ್ವಿಚ್ಚಿನ ಒಂದು ಕಿಡಿ ಸಾಕು. ಸಿಲಿಂಡರ್ ಹೊರಗೆ, ತೆರೆದ ಕಡೆ ಇರಲಿ, ಒಲೆ ಆರಿಸಿದ ಮೇಲೆ ರೆಗ್ಯುಲೇಟರ್ ಕೂಡ ಬಂದ್ ಮಾಡಿ. ಜನರೇಟರ್ ಹೊಗೆ ಮಲಗುವ ಕೋಣೆಯತ್ತ ಬರತ್ತಾ ಅನ್ನೋದನ್ನು ಮೊದಲ ಸಂಜೆಯೇ ನೋಡಿಕೊಳ್ಳಿ.

ಇನ್ನು ತೇವ. ಬೆವರು ಕುಡಿದ ರೈಡಿಂಗ್ ಜಾಕೆಟ್‌ನಲ್ಲಿ ಉಪ್ಪಿರತ್ತೆ, ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳತ್ತೆ. ತೊಳೆಯದೆ ಮೂಲೆಗೆ ಎಸೆದರೆ ಕೆಲವೇ ದಿನದಲ್ಲಿ ಚರ್ಮದ ಗ್ಲೌಸ್ ಮೇಲೆ ಬಿಳಿ ಬೂಷ್ಟು. ಹೆಲ್ಮೆಟ್‌ನ ಒಳಬಟ್ಟೆ ಬಿಚ್ಚಿ ತೊಳೆದು ಒಣಗಿಸಿಡಿ. ಹಾಸಿಗೆ ಹಲಗೆಗೆ ಒತ್ತಿಕೊಂಡಿದ್ದರೆ ಅಡಿಭಾಗ ಕೊಳೆಯತ್ತೆ, ದಿನಾ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿ.

ದಡದಲ್ಲಿ ನಿಂತ ಬೈಕಿಗೂ ಇದೇ ರೋಗ. ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಸುತ್ತಿದರೆ ಒಳಗಿನ ಹಬೆ ಅಲ್ಲೇ ಉಳಿದು ತುಕ್ಕು ಹಿಡಿಯತ್ತೆ. ಮೇಲೊಂದು ಸೂರು, ಬೈಕಿಗೆ ಹಳೇ ಹತ್ತಿ ಬೆಡ್‌ಶೀಟು, ಅಷ್ಟು ಸಾಕು. ಚೈನ್ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಗೇರ್ ಆಯಿಲ್ ಸವರಿ. ಪೆಟ್ರೋಲ್‌ನಲ್ಲಿ ತೊಳೆದರೆ ಚೈನ್ ಕೊಂಡಿಗಳ ನಡುವಿನ ರಬ್ಬರ್ ಬಳೆ (ಓ-ರಿಂಗ್) ಹಾಳು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರೋದರಿಂದ ನೀರು ಎಳೆಯತ್ತೆ. ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಕಾರ್ಬ್ಯುರೇಟರ್ ಗಾಡಿಯಾದರೆ ಅದರ ಬಟ್ಟಲಿನ ಪೆಟ್ರೋಲ್ ಇಳಿಸಿ. ಜಿಪಿಎಸ್ ಟ್ರ್ಯಾಕರ್ 5 ಮಿಲಿಆಂಪ್ ಎಳೆದರೂ ತಿಂಗಳಿಗೆ 3.6 ಆಂಪ್-ಅವರ್ ಆಯ್ತು, 8 ಆಂಪ್-ಅವರ್ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ. ಟ್ರ್ಯಾಕರ್ ಬೇಕೇ ಬೇಕು ಅಂದರೆ ವಾರಕ್ಕೊಮ್ಮೆ ಚಾರ್ಜ್ ಮಾಡಿ, ಬೇಡ ಅಂದರೆ ಬ್ಯಾಟರಿಯ ಮೈನಸ್ ವೈರ್ ತೆಗೆದಿಡಿ.

ವಾಪಸ್ ಹೊರಡುವ ಹಿಂದಿನ ಸಂಜೆಯೇ ಗಾಡಿ ಸ್ಟಾರ್ಟ್ ಮಾಡಿ, ಬ್ರೇಕ್ ಹಿಡಿದು ಬಿಟ್ಟು, ಚಕ್ರ ಸಲೀಸಾಗಿ ತಿರುಗತ್ತಾ ನೋಡಿ. ಬೆಳಿಗ್ಗೆ ಆರಕ್ಕೆಲ್ಲ ಬಿಡಿ. ಸುಲ್ತಾನ್ ಬತ್ತೇರಿ ದಾಟಿ ಬಂಡೀಪುರದ ಕಾಡಿನ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆಗೆಯೋದು ಬೆಳಿಗ್ಗೆ 6ಕ್ಕೇ.