ಗಿಡ ಹಚ್ಚಿದ ದಿನ ಬ್ಯಾಡ, ಮೇ ತಿಂಗಳಾಗ ಬರ್ರಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಊರುಗಳ ನಡುವೆ ಹಸಿರಿನ ಪಂದ್ಯವೊಂದು ನಡೆಯಬೇಕು ಎಂಬುದು ನನ್ನ ಬಹುದಿನದ ಆಸೆ. ಸೇಡಂನವರು ಚಿತ್ತಾಪುರದವರಿಗೆ, ಭಾಲ್ಕಿಯವರು ಹುಮನಾಬಾದಿನವರಿಗೆ, ಸುರಪುರದವರು ಶಹಾಪುರದವರಿಗೆ ಸವಾಲು ಹಾಕುವಂಥ ಪಂದ್ಯ. ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. ಈಗ ಸಂಸಾರ ಹೂಡಿರುವುದು ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಒಂದು ಸಣ್ಣ ಊರಲ್ಲಿ. ಊರುಗಳ ಅಚ್ಚುಕಟ್ಟುತನಕ್ಕೆ ಅಂಕ ಕೊಡುವ ಇಲ್ಲಿನ ‘ಟೈಡಿ ಟೌನ್ಸ್’ ಸ್ಪರ್ಧೆಯನ್ನು ಹತ್ತಿರದಿಂದ ನೋಡಿದ ಮೇಲೆ ಈ ಆಸೆ ಗಟ್ಟಿಯಾಯಿತು.

ಟೈಡಿ ಟೌನ್ಸ್ ಶುರುವಾದದ್ದು 1958ರಲ್ಲಿ, ಪ್ರವಾಸೋದ್ಯಮ ಮಂಡಳಿಯ ಆಶ್ರಯದಲ್ಲಿ. ಮೊದಲ ವರ್ಷ ಹೆಸರು ಕೊಟ್ಟವು 52 ಊರುಗಳು, ಗೆದ್ದದ್ದು ಡೊನೆಗಾಲ್ ಕಡೆಯ ಗ್ಲೆಂಟೀಸ್. ಮರುವರ್ಷ ಫ್ರಾನ್ಸಿನಲ್ಲಿ, 1963ರಲ್ಲಿ ಬ್ರಿಟನ್ನಿನಲ್ಲಿ ಇಂಥವೇ ಹೂವಿನ ಸ್ಪರ್ಧೆಗಳು ಹುಟ್ಟಿದವು. ಈಗ ಐರ್ಲೆಂಡಿನಲ್ಲಿ ವರ್ಷಕ್ಕೆ 800ಕ್ಕೂ ಹೆಚ್ಚು ಊರುಗಳು ಸೇರುತ್ತವೆ. ದೇಶದ ಒಟ್ಟು ಜನಸಂಖ್ಯೆ ನಮ್ಮ ಮೂರು ಜಿಲ್ಲೆಗಳದ್ದಕ್ಕಿಂತ ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿ ಓದಬೇಕು. 200 ಜನರೊಳಗಿನ ಹಳ್ಳಿಗೆ ಬೇರೆ ವರ್ಗ, ದೊಡ್ಡ ಪಟ್ಟಣಕ್ಕೆ ಬೇರೆ ವರ್ಗ. ಆದರೆ ಇಡೀ ದೇಶಕ್ಕೆ ಒಂದೇ ಆದ ದೊಡ್ಡ ಪ್ರಶಸ್ತಿ ಯಾರಿಗೂ ಸಿಗಬಹುದು. 2017ರಲ್ಲಿ ಅದನ್ನು ಗೆದ್ದದ್ದು ಟಿಪ್ಪರರಿಯ ಬರ್ಡ್‌ಹಿಲ್ ಎಂಬ ಪುಟ್ಟ ಹಳ್ಳಿ.

ಇದರಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಪ್ರಶಸ್ತಿಗಿಂತ ತೀರ್ಪಿನ ಕ್ರಮ. ಬೇಸಿಗೆಯ ಯಾವುದೋ ಒಂದು ದಿನ ತೀರ್ಪುಗಾರರು ಹೇಳದೆ ಕೇಳದೆ ಬಂದು ಊರು ಸುತ್ತಿ ಹೋಗುತ್ತಾರೆ. ಸ್ವಾಗತವಿಲ್ಲ, ಶಾಲಿಲ್ಲ, ಫೋಟೋ ಇಲ್ಲ. ಆಮೇಲೆ ಪ್ರತಿ ಊರಿಗೂ ಲಿಖಿತ ವರದಿ ಬರುತ್ತದೆ: ಇಂಥ ಓಣಿಯ ಗೋಡೆ ಚೆನ್ನಾಗಿದೆ, ಇಂಥ ದಾರಿಯ ಬದಿಯ ಕಸ ಹಾಗೇ ಇದೆ, ಹಳೆಯ ಮರದ ಬುಡಕ್ಕೆ ಡಾಂಬರು ಬಿದ್ದಿದೆ. ಹೋದ ವರ್ಷದ ಅಂಕ, ಈ ವರ್ಷದ ಅಂಕ ಎರಡನ್ನೂ ಪಕ್ಕಪಕ್ಕ ಛಾಪಿಸಿ ಎಲ್ಲರೂ ಓದುವ ಹಾಗೆ ಪ್ರಕಟಿಸುತ್ತಾರೆ. ಸೋತ ಊರಿನವರೂ ಆ ವರದಿಯನ್ನು ಸಾಲು ಸಾಲಾಗಿ ಓದಿ ಚರ್ಚೆ ಮಾಡುವುದನ್ನು ನೋಡಿದ್ದೇನೆ. ನಿವೃತ್ತ ಮಾಸ್ತರರು, ಅಂಗಡಿಯವರು, ಶಾಲೆಯ ಹುಡುಗರು ಎಲ್ಲರಿಗೂ ಅದರಲ್ಲಿ ಏನೋ ಒಂದು ಪಾಲು ಇರುತ್ತದೆ.

ಯಾವುದಕ್ಕೆ ಅಂಕ ಕೊಡುತ್ತೀರೋ ಊರು ಹಾಗೇ ಆಗುತ್ತದೆ. ಮೊದಲು ಇಲ್ಲೂ ತೂಗುಬುಟ್ಟಿಗಳಲ್ಲಿ ಬಣ್ಣಬಣ್ಣದ ಹೂವು, ನುಣ್ಣಗೆ ಕತ್ತರಿಸಿದ ಹುಲ್ಲು, ಅಷ್ಟೇ ಚೆಂದ ಅನ್ನಿಸಿಕೊಳ್ಳುತ್ತಿತ್ತಂತೆ. ಇಲ್ಲಿನ ಕಾಡು ಜೇನ್ನೊಣಗಳ ಜಾತಿಗಳಲ್ಲಿ ಮೂರನೇ ಒಂದು ಪಾಲು ಅಳಿವಿನ ಅಂಚಿನಲ್ಲಿವೆ ಎಂದು ತಿಳಿದ ಮೇಲೆ, 2015ರಲ್ಲಿ ಪರಾಗಸ್ಪರ್ಶ ಮಾಡುವ ಕೀಟಗಳಿಗಾಗಿ ಇಡೀ ದ್ವೀಪಕ್ಕೆ ಒಂದು ಯೋಜನೆ ಬಂತು. ಜೀವವೈವಿಧ್ಯಕ್ಕೆ ಸ್ಪರ್ಧೆಯಲ್ಲಿ ಬೇರೆಯೇ ಅಂಕವಿದೆ. ಈಗ ರಸ್ತೆ ಬದಿಯ ಹುಲ್ಲನ್ನು ಬೇಕೆಂದೇ ಬೆಳೆಯಬಿಡುತ್ತಾರೆ, ‘ಇದು ಜೇನಿಗಾಗಿ’ ಎಂದು ಹಲಗೆ ನೆಡುತ್ತಾರೆ. ಚೆಂದ ಅಂದರೆ ಏನು ಎಂಬ ಜನರ ಎಣಿಕೆಯೇ ಬದಲಾಗಿದೆ.

ನಮ್ಮ ಕಡೆ ಏನಾಗುತ್ತದೆ ನೋಡಿ. ಜೂನ್ 5ಕ್ಕೆ ಪರಿಸರ ದಿನ, ಅದರ ಬೆನ್ನಿಗೇ ಮಿರಗದ ಮಳೆ. ಗಿಡ ಹಚ್ಚಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಬ್ಯಾನರು ಕಟ್ಟುತ್ತಾರೆ, ಗುದ್ದಲಿ ಹಿಡಿದು ನಿಲ್ಲುತ್ತಾರೆ, ಸಸಿ ಮಣ್ಣಿಗೆ ಹೋಗುತ್ತದೆ. ಮಳೆಗಾಲದಲ್ಲಿ ಚಿಗುರುತ್ತದೆ ಕೂಡ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಆ ಕಡೆ ಯಾರೂ ಹಾಯುವುದಿಲ್ಲ. ಊರಿನಲ್ಲಿರುವ ನಮ್ಮ ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಗಿಡ ಹಚ್ಚಲಾಕ ಎಲ್ಲಾರೂ ಬರ್ತಾರ. ನೀರ ಹಾಕಲಾಕ ಯಾರ್ ಬರ್ತಾರ?”

ಕಲಬುರಗಿಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಕೈ ಇಳಿಯುವಷ್ಟು ಬಿರುಕು. ಆ ಬಿರುಕು ಎಳೆ ಬೇರನ್ನು ಹರಿಯುತ್ತದೆ, ಅದರೊಳಗಿಂದ ತೇವವೂ ಆರಿಹೋಗುತ್ತದೆ. ಮೇಲೆ 42 ಡಿಗ್ರಿ ದಾಟಿದ ಬಿಸಿಲು, ಸುತ್ತ ಬಿಡಾಡಿ ದನ, ಆಡು. ಹಾಗಾಗಿ ಅಲ್ಲಿ ಸಸಿ ಬದುಕಬೇಕೆಂದರೆ ಕುಣಿ ದೊಡ್ಡದಾಗಿ ತೋಡಬೇಕು, ಕೆಂಪು ಮಣ್ಣು, ತಿಪ್ಪೆಗೊಬ್ಬರ ಬೆರೆಸಬೇಕು, ಬುಡಕ್ಕೆ ಒಣಗಿದ ಎಲೆ-ಹುಲ್ಲಿನ ಹೊದಿಕೆ ಹಾಕಬೇಕು, ಸುತ್ತ ಜಾಲಿ ಕಂಟಿ ಇಡಬೇಕು. ಇದೆಲ್ಲ ನಮ್ಮ ರೈತರಿಗೆ ಗೊತ್ತಿರುವುದೇ. ಸಭೆಯಲ್ಲಿ ಅವರನ್ನು ಯಾರೂ ಕೇಳುವುದಿಲ್ಲ, ಅದೇ ನನ್ನ ಸಂಕಟ.

ಆದ್ದರಿಂದ ನಮ್ಮ ಪಂದ್ಯದ ತೀರ್ಪು ಮೇ ತಿಂಗಳಲ್ಲೇ ಆಗಬೇಕು. ಎಷ್ಟು ಸಸಿ ನೆಟ್ಟಿರಿ ಎಂಬ ಲೆಕ್ಕಕ್ಕೆ ಒಂದು ಅಂಕವನ್ನೂ ಕೊಡಬಾರದು. ಹೋದ ವರ್ಷ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ, ಮಧ್ಯಾಹ್ನ ಎರಡು ಗಂಟೆಗೆ ಬಸ್ ನಿಲ್ದಾಣದಿಂದ ತರಕಾರಿ ಮಾರ್ಕೆಟ್ಟಿಗೆ ನಡೆದು ಹೋಗುವ ಮುದುಕಿಗೆ ದಾರಿಯಲ್ಲಿ ಎಷ್ಟು ಕಡೆ ನೆರಳು ಸಿಗುತ್ತದೆ, ಇಷ್ಟನ್ನು ನೋಡಲಿ. ಐರ್ಲೆಂಡಿನವರು ಹೂವಿಗೆ ಕೊಡುವ ಅಂಕವನ್ನು ನಾವು ನೆರಳಿಗೆ ಕೊಡೋಣ. ಐರ್ಲೆಂಡಿನಲ್ಲಿ ಮಳೆಯೇ ನೀರು ಹಾಕುತ್ತದೆ, ಹುಲ್ಲು ತಾನೇ ಬೆಳೆಯುತ್ತದೆ. ಇಲ್ಲಿನ ಹೂಬುಟ್ಟಿಯನ್ನು ಕಲಬುರಗಿಯ ಜಗತ್ ಸರ್ಕಲ್ಲಿಗೆ ತಂದು ತೂಗು ಹಾಕಿದರೆ ಏಪ್ರಿಲ್ಲಿನಲ್ಲಿ ಎರಡು ದಿನವೂ ಬಾಳದು. ಬೇವು, ಹೊಂಗೆ, ಹುಣಸೆ, ಅರಳಿ, ಆಲ, ಬನ್ನಿ, ಇವು ನಮ್ಮ ಬಿಸಿಲನ್ನು ಬಲ್ಲ ಗಿಡಗಳು. ಬಣ್ಣ ಬೇಕೆಂದರೆ ಕಣಗಿಲೆ ಇದೆ, ದಾಸವಾಳ ಇದೆ, ದಸರೆ ದೀಪಾವಳಿಗೆ ಚೆಂಡುಹೂವು ಇದ್ದೇ ಇದೆ.

ಇನ್ನೊಂದು ಅಂಕ ಬುಡಕ್ಕೆ. ಶಹಾಬಾದಿ ಕಲ್ಲಿನ ನಾಡು ನಮ್ಮದು, ಎಲ್ಲೆಲ್ಲೂ ಪರಸಿ, ಅಂದರೆ ಹಾಸುಗಲ್ಲು. ಅದರ ಮೇಲೆ ಈಗ ಪೇವರ್ಸ್ ಹುಚ್ಚು. ಮರದ ಕಾಂಡಕ್ಕೆ ತಾಗುವಂತೆ ಕಲ್ಲು ಕೂಡಿಸಿ ಸಿಮೆಂಟು ಬಳಿದರೆ ನೀರು ಎಲ್ಲಿಂದ ಇಳಿಯಬೇಕು? ಸುತ್ತ ಒಂದು ಗಜ ಮಣ್ಣು ಬಿಟ್ಟ ಓಣಿಗೆ ಹೆಚ್ಚು ಅಂಕ ಇರಲಿ.

ಊರುಗಳಿಗೆ ಕ್ರಮಾಂಕ ಕೊಡುವ ಸ್ವಚ್ಛ ಸರ್ವೇಕ್ಷಣೆ 2016ರಿಂದ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಒಳ್ಳೆಯದೇ. ಆದರೆ ಅದು ನಗರಸಭೆಯ ಪರೀಕ್ಷೆ. ಪತ್ರಿಕೆಯಲ್ಲಿ ನಂಬರು ಓದಿ ಪುಟ ತಿರುವುತ್ತೇವೆ. ಓಣಿಯ ಮಾನ ಅದರಲ್ಲಿ ಸೇರಿಲ್ಲ. ಓಣಿಯ ಮಾನ ಪಣಕ್ಕಿಟ್ಟರೆ ನಮ್ಮ ಜನ ಏನು ಮಾಡಬಲ್ಲರು ಎಂಬುದನ್ನು ಗಣೇಶ ಮಂಡಳಿಗಳಲ್ಲಿ ನೋಡಿ, ಜಾತ್ರೆಯ ಕುಸ್ತಿ ಕಣದಲ್ಲಿ ನೋಡಿ. ಹೋಳಿ ಕಳೆದ ಮೇಲೆ ಶರಣಬಸವೇಶ್ವರರ ತೇರಿಗೆ, ಬಂದೇ ನವಾಜರ ಉರುಸಿಗೆ ಬರುವವರ ಬಾಯಾರಿಕೆಗೆ ಅರವಟ್ಟಿಗೆ ಇಡುವವರು ಯಾರ ಆದೇಶಕ್ಕೂ ಕಾಯುವುದಿಲ್ಲ. ಆ ಅರವಟ್ಟಿಗೆಯ ಪಕ್ಕದಲ್ಲೇ ಒಂದು ಬೇವಿನ ಸಸಿ ಇಟ್ಟು, ಲೋಟ ತೊಳೆದ ನೀರನ್ನು ಅದಕ್ಕೇ ಬಿಡಿ ಎಂದರೆ ಬೇಡ ಅನ್ನುವವರು ಯಾರು? ನೀರಿನ ತೊಂದರೆ ನಮ್ಮಲ್ಲಿ ನಿಜ, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ಬೇವು-ಹೊಂಗೆಯ ಸಸಿಗೆ ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ಬಿದ್ದರೂ ಜೀವ ಹಿಡಿಯುತ್ತದೆ. ಮನೆಗೊಂದು ಗಿಡ ಎಂದು ಹಂಚಿಕೊಂಡರೆ ತರಕಾರಿ, ಅಕ್ಕಿ ತೊಳೆದ ನೀರೇ ಸಾಕು.

ನನಗೆ ಹೆಚ್ಚು ಕಾಡುವ ಅಡ್ಡಿ ಬೇರೆ. ಐರ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ ವಕೀಲರೂ ಡಾಕ್ಟರೂ ಕೈಚೀಲ ಹಿಡಿದು ರಸ್ತೆಯ ಕಸ ಹೆಕ್ಕುತ್ತಾರೆ, ಯಾರೂ ಅದನ್ನು ಕೀಳೆಂದು ನೋಡುವುದಿಲ್ಲ. ನಾವು ಕಸವನ್ನು, ಮಣ್ಣನ್ನು ಜಾತಿಗೆ ಕಟ್ಟಿ ಪೌರಕಾರ್ಮಿಕರ ತಲೆಯ ಮೇಲೆ ಹೊರಿಸಿಬಿಟ್ಟಿದ್ದೇವೆ. ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನನ್ನು ಶರಣೆ ಎಂದು ಕೈಮುಗಿಯುವ ನಾಡಿನಲ್ಲಿ, ಬಸವಕಲ್ಯಾಣ ಇರುವ ಬೀದರ್ ಜಿಲ್ಲೆಯಲ್ಲೇ, ಈ ಕೆಲಸಕ್ಕೆ ನಾಚುವುದು ನನಗೆ ನೋವಿನ ಸಂಗತಿ. ಪಂದ್ಯದಲ್ಲಿ ಯಾರ್ಯಾರ ಕೈ ಮಣ್ಣಾಯಿತು ಎಂಬುದಕ್ಕೂ ಅಂಕ ಇರಬೇಕು. ಪೌರಕಾರ್ಮಿಕರೊಬ್ಬರು ತೀರ್ಪುಗಾರರ ಸಾಲಿನಲ್ಲಿ ಕೂರಬೇಕು. ಊರಿನ ಮೂಲೆ ಮೂಲೆಯನ್ನು ಅವರಷ್ಟು ಬಲ್ಲವರು ಇಲ್ಲ.

ಬೀದರ್ ಎತ್ತರದಲ್ಲಿದೆ, ಗಾಳಿ ತಂಪು, ಜಂಬಿಟ್ಟಿಗೆಯ ಕೆಂಪು ಮಣ್ಣು, ಬಹಮನಿ ಕಾಲದ ಕಾರೇಜ್ ಎಂಬ ನೆಲದಡಿಯ ಸುರಂಗ ಕಾಲುವೆಯ ನೀರಿನ ನೆನಪೂ ಉಂಟು. ಕಲಬುರಗಿಯವರಿಗೆ ಇದು ಅನ್ಯಾಯವೆನಿಸಬಹುದು. ಅದಕ್ಕೇ ಪ್ರತಿ ಊರನ್ನೂ ಅದರದೇ ಹಿಂದಿನ ವರ್ಷದ ಅಂಕದ ಜೊತೆ ತೂಗಬೇಕು. ಬೀದರಿನವರು ಯಾದಗಿರಿಗೆ, ಯಾದಗಿರಿಯವರು ಕಲಬುರಗಿಗೆ, ಕಲಬುರಗಿಯವರು ಬೀದರಿಗೆ ತೀರ್ಪುಗಾರರಾಗಿ ಹೋಗಲಿ. ಫಲಿತಾಂಶವನ್ನು ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17ರಂದು ಓದಿ ಹೇಳಲಿ, ಪ್ರತಿ ಊರಿನ ವರದಿಯನ್ನು ಅದರ ಬಸ್ ನಿಲ್ದಾಣದ ಗೋಡೆಗೆ ಅಂಟಿಸಲಿ. ಮೊದಲ ವರ್ಷ ಆರೇಳು ಊರು ಬಂದರೆ ಸಾಕು. ಟೈಡಿ ಟೌನ್ಸ್ ವರದಿಯ ನಮೂನೆಯನ್ನು ನಮ್ಮ ಎರೆ ಮಣ್ಣಿಗೆ, ನಮ್ಮ ಬಿಸಿಲಿಗೆ ಹೊಂದಿಸಿ ಕನ್ನಡದಲ್ಲಿ ಬರೆದು ಕೊಡುವ ಕೆಲಸ ನನ್ನದು. ಉರ್ದುವಿಗೆ ತರಲು ಊರಿನ ಗೆಳೆಯರು ಒಪ್ಪಿದ್ದಾರೆ.