ಮುಚ್ಚಳ ಮುಟ್ಟಬೇಡಿ, ಒಳಗೆ ಕೆಲಸ ನಡೆಯುತ್ತಿದೆ

ಹುಳಿಬರಲೆಂದು ಅಡುಗೆಮನೆಯ ಮೂಲೆಯಲ್ಲಿಟ್ಟ ಕಿಮ್ಚಿ (ಕೊರಿಯಾದ ಕೋಸಿನ ಉಪ್ಪಿನಕಾಯಿ) ಜಾಡಿಯ ಮುಚ್ಚಳ ಮತ್ತೆ ಸಡಿಲವಾಗಿದೆ. ಯಾರೂ ಮುಟ್ಟಿಲ್ಲವಂತೆ. ಆದರೆ ಮೇಲಿದ್ದ ಎಲೆಯ ತುದಿ ಮಾಯ, ಜಾಡಿಯ ಕುತ್ತಿಗೆಯ ಮೇಲೆ ಕೆಂಪು ಬೆರಳಚ್ಚು. ಕಳ್ಳನನ್ನು ಹಿಡಿಯಲು ಪೊಲೀಸ್ ನಾಯಿ ಬೇಕಿಲ್ಲ, ಬೆಳ್ಳುಳ್ಳಿ ವಾಸನೆಯ ಜಾಡು ಹಿಡಿದು ಹೋದರೆ ಸಾಕು.

ಮನೆಗೊಬ್ಬರು ಮುಚ್ಚಳ ತೆಗೆಯುವವರು ಇದ್ದೇ ಇರುತ್ತಾರೆ. ಅವರ ವಿಚಾರಕ್ಕೆ ಆಮೇಲೆ ಬರೋಣ. ಅದಕ್ಕೂ ಮುಂಚೆ ಕಿಮ್ಚಿಯನ್ನು ಹಾಳುಮಾಡುವ ಇನ್ನೊಂದು ಪಂಗಡವಿದೆ: 'ರುಚಿಗೆ ತಕ್ಕಷ್ಟು ಉಪ್ಪು' ಎಂದು ಬರೆದು ಕೈತೊಳೆದುಕೊಳ್ಳುವವರು. ಯಾರ ರುಚಿಗೆ, ಸ್ವಾಮಿ? ಇಲ್ಲಿ ಉಪ್ಪು ಬೀಳುವುದು ನಾಲಿಗೆಯ ಸಲುವಾಗಿ ಮಾತ್ರವಲ್ಲ. ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಹೊರಗೆ ನಿಲ್ಲಿಸಿ, ಹುಳಿಬರಿಸುವವನ್ನು ಒಳಗೆ ಬಿಡುವ ಬಾಗಿಲು ಕಾಯುವವನ ಕೆಲಸ ಅದರದು. ಕೊನೆಗೆ ಜಾಡಿಯೊಳಗೆ ಉಳಿಯಬೇಕಾದದ್ದು ಶೇ 2ರಿಂದ 3ರಷ್ಟು ಉಪ್ಪು. ಕಡಿಮೆಯಾದರೆ ಎಲೆ ಮೆತ್ತಗಾಗಿ ಕೊಳೆಯುತ್ತದೆ, ಜಾಸ್ತಿಯಾದರೆ ಹುಳಿಯೇ ಏರುವುದಿಲ್ಲ.

ಲೆಕ್ಕ ಹೀಗಿದೆ. 2 ಕೆ.ಜಿ. ತೂಗುವ ಉದ್ದನೆಯ ನಾಪಾ ಕೋಸು, 200 ಗ್ರಾಂ ಕಲ್ಲುಪ್ಪು. ಚಮಚದ ಲೆಕ್ಕ ಬೇಡ, ತೂಕವೇ ಆಗಬೇಕು. ಒಂದು ಚಮಚ ಪುಡಿಯುಪ್ಪು ಒಂದು ಚಮಚ ಕಲ್ಲುಪ್ಪಿಗಿಂತ ಹೆಚ್ಚು ತೂಗುತ್ತದೆ, ಅಲ್ಲೇ ಅರ್ಧ ಜನರ ಕಿಮ್ಚಿ ಬಾಯಿಗಿಡಲಾಗದಂತಾಗುವುದು. ಕೋಸನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ನೀರಲ್ಲೊಮ್ಮೆ ಅದ್ದಿ, ಎಲೆ ಎಲೆಯ ನಡುವೆ ಉಪ್ಪು ಉದುರಿಸಿ. ಬಿಳಿಯ ದಪ್ಪ ದಂಟಿಗೆ ಹೆಚ್ಚು, ತೆಳ್ಳಗಿನ ಹಸಿರು ತುದಿಗೆ ಕಡಿಮೆ. ಎರಡು ಗಂಟೆಗೊಮ್ಮೆ ಮಗುಚುತ್ತಾ ಆರರಿಂದ ಎಂಟು ಗಂಟೆ ಬಿಡಿ. ಆಯಿತೋ ಇಲ್ಲವೋ ಎಂದು ಗಡಿಯಾರವನ್ನು ಕೇಳಬೇಡಿ, ದಂಟನ್ನು ಕೇಳಿ: ಬಗ್ಗಿಸಿದರೆ ಲಟಕ್ಕೆನ್ನದೆ ಬಿಲ್ಲಿನಂತೆ ಬಾಗಬೇಕು. ಆಮೇಲೆ ಮೂರು ನೀರಲ್ಲಿ ತೊಳೆದು, ಒಂದು ಚೂರು ಬಾಯಿಗೆ ಹಾಕಿ ನೋಡಿ. 'ಸ್ವಲ್ಪ ಉಪ್ಪಾಯಿತಲ್ಲ' ಅನಿಸಿದರೆ ಸರಿಯಾಗಿದೆ. ಬೋರಲು ಹಾಕಿ ಎರಡು ಗಂಟೆಯಾದರೂ ನೀರು ಬಸಿಯಲಿ. ಈ ಎರಡು ಗಂಟೆಯನ್ನು ಎಲ್ಲರೂ ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಾರೆ, ಮರುದಿನ ಮಸಾಲೆ ತಳದಲ್ಲಿ ನೀರಾಗಿ ನಿಂತಾಗ ಮೆಣಸಿನಪುಡಿಯನ್ನು ಬೈಯುತ್ತಾರೆ.

ಮೆಣಸಿನಪುಡಿಯ ತಪ್ಪೂ ಇರುತ್ತದೆ ಅನ್ನಿ. ಕೊರಿಯಾದ ಗೊಚುಗಾರು ತರಿತರಿಯಾಗಿ, ಬೀಜವಿಲ್ಲದೆ, ಬಣ್ಣದಲ್ಲಿ ಜೋರು, ಖಾರದಲ್ಲಿ ಸಾಧು. ಅದರ 100 ಗ್ರಾಂ ಅಳತೆಯನ್ನು ನೋಡಿ ಅಷ್ಟೇ ತೂಕದ ನುಣ್ಣನೆಯ ಖಾರದ ಪುಡಿ ಸುರಿದವರ ಕಣ್ಣೀರಿಗೆ ಯಾರೂ ಹೊಣೆಯಲ್ಲ. ಮಸಾಲೆಗೆ ಮೊದಲು ಒಂದೂವರೆ ಕಪ್ ನೀರಿಗೆ ಎರಡು ದೊಡ್ಡ ಚಮಚ ಅಕ್ಕಿಹಿಟ್ಟು ಹಾಕಿ ಗಂಜಿ ಕಾಯಿಸಿ, ಪೂರ್ತಿ ಆರಲಿ. ಪುಡಿ ಎಲೆಗೆ ಅಂಟುವುದು ಈ ಗಂಜಿಯಿಂದ, ಬ್ಯಾಕ್ಟೀರಿಯಾಗಳಿಗೆ ಮೊದಲ ಊಟವೂ ಇದೇ. ಅದಕ್ಕೆ ಗೊಚುಗಾರು, ಜಜ್ಜಿದ 60 ಗ್ರಾಂ ಬೆಳ್ಳುಳ್ಳಿ, 10 ಗ್ರಾಂ ಶುಂಠಿ, 60 ಮಿ.ಲೀ. ಮೀನಿನ ಸಾಸ್, ಸಿಕ್ಕರೆ ಉಪ್ಪು ಹಾಕಿದ ಪುಟ್ಟ ಸೀಗಡಿ, ಸಣ್ಣಗೆ ಸೀಳಿದ ಮೂಲಂಗಿ, ಈರುಳ್ಳಿ ಸೊಪ್ಪು. ಮೀನು ಬೇಡದವರು ಒಣಗಿದ ಕೆಲ್ಪ್ ಎಂಬ ಸಮುದ್ರಪಾಚಿ ಕುದಿಸಿದ ನೀರು ಮತ್ತು ಸೋಯಾ ಸಾಸ್ ಬಳಸಬಹುದು. ಕೊರಿಯಾದ ಬೌದ್ಧ ಮಠಗಳ ಕಿಮ್ಚಿಯಲ್ಲಂತೂ ಮೀನಷ್ಟೇ ಅಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಹಾಗಾಗಿ 'ಅದಿಲ್ಲದೆ ಇದು ಕಿಮ್ಚಿಯೇ ಅಲ್ಲ' ಎಂದು ಮೂಗು ಮುರಿಯುವವರಿಗೆ ಎರಡನೇ ಸಲ ಬಡಿಸಬೇಕಿಲ್ಲ.

ಎಲೆ ಎಲೆಗೂ ಮಸಾಲೆ ಸವರಿ, ಗಾಳಿ ಉಳಿಯದಂತೆ ಒತ್ತಿ, ಜಾಡಿಯ ಮುಕ್ಕಾಲು ಭಾಗ ಮಾತ್ರ ತುಂಬಿ, ಮುಚ್ಚಿ. ಇಲ್ಲಿಗೆ ಮನುಷ್ಯರ ಕೆಲಸ ಮುಗಿಯಿತು. ಮುಚ್ಚಳ ತೆಗೆಯುವವರ ಕೆಲಸ ಶುರುವಾಯಿತು.

ಮೊದಲ ಭೇಟಿ ಅರ್ಧ ಗಂಟೆಗೆ. 'ಏನಾದರೂ ಆಯಿತಾ?' ಏನಾಗಬೇಕು? ಎರಡನೆಯದು ಚಹಾ ಕಾಯುವಾಗ. ಮೂರನೆಯದು ಮಲಗುವ ಮುನ್ನ ಬಾಗಿಲ ಚಿಲಕ, ಗ್ಯಾಸು, ದೀಪ ಎಲ್ಲ ನೋಡುವ ಸಾಲಿನಲ್ಲಿ. ಪ್ರತಿ ಸಲವೂ ಮೂಗು ಒಳಗೆ ತೂರಿಸಿ, 'ಇನ್ನೂ ಇಲ್ಲ' ಎಂಬ ತೀರ್ಪು. ಆಮೇಲೆ ಬೆರಳು. ಬೆರಳು ಬೇಡ ಎಂದಿರೋ, ಒದ್ದೆ ಚಮಚ. ಒಣ ಚಮಚ ಎಂದಿರೋ, ಮುಖ ಗಂಟು: 'ಒಂದು ಸಲ ನೋಡಿದರೆ ಏನಾಗಿಬಿಡುತ್ತೆ?'

ಏನಾಗುತ್ತೆ ಎಂದರೆ: ಒಳಗೆ ಮೊದಲು ದುಡಿಯುವುದು ಲ್ಯೂಕೊನೊಸ್ಟಾಕ್ ಬಳಗದ ಬ್ಯಾಕ್ಟೀರಿಯಾಗಳು. ಇವು ಲ್ಯಾಕ್ಟಿಕ್ ಆಮ್ಲದ ಜೊತೆಗೆ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ. ಒಳ್ಳೆಯ ಕಿಮ್ಚಿ ನಾಲಿಗೆಯ ಮೇಲೆ ಸೋಡಾದಂತೆ ಚುರ್ ಅನ್ನುವುದು ಇದರಿಂದಲೇ. ಆ ಅನಿಲ ಎಲೆಗಳ ಮೇಲೆ ಕವಿದು ಆಮ್ಲಜನಕವನ್ನು ದೂರ ಇಡುತ್ತದೆ. ಪ್ರತಿ ಇಣುಕಿಗೂ ಆ ಹೊದಿಕೆ ಹಾರಿ ಹೊಸ ಗಾಳಿ ಬರುತ್ತದೆ, ಗಾಳಿ ಬೇಕಾದ ಯೀಸ್ಟ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಮೊದಲು ಕಂಡು 'ಅಯ್ಯೋ, ಬೂಷ್ಟು!' ಎಂದು ಮನೆಯೆಲ್ಲ ಎಬ್ಬಿಸುವವರೂ ಇವರೇ. ತೆಳು ಬಿಳಿ ಪದರ ಬೂಷ್ಟಲ್ಲ. ಕೆರೆದು ತೆಗೆದು, ಕೋಸನ್ನು ರಸದೊಳಗೆ ಒತ್ತಿ ಮುಳುಗಿಸಿದರಾಯಿತು. ಹಸಿರು, ಕಪ್ಪು, ಉಣ್ಣೆಯಂಥ ರೋಮವೆದ್ದರೆ ಮಾತ್ರ ಇಡೀ ಜಾಡಿ ಕಸಕ್ಕೆ. ಇನ್ನು ಬೆಳ್ಳುಳ್ಳಿ ಚೂರು ನೀಲಿ ಹಸಿರಿಗೆ ತಿರುಗಿದರೆ ಅದು ಹುಳಿಯ ಜೊತೆ ಬೆಳ್ಳುಳ್ಳಿಯ ರಾಸಾಯನಿಕ ಚೇಷ್ಟೆ, ತಿನ್ನಲು ಅಡ್ಡಿಯಿಲ್ಲ.

ತಮಾಷೆಯೆಂದರೆ ಮುಚ್ಚಳವನ್ನು ನಿಜವಾಗಿ ತೆಗೆಯಬೇಕಾದ ಗಳಿಗೆಯೊಂದಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ದಿನ, 30ರ ಸೆಕೆಯಲ್ಲಾದರೆ ಹೆಚ್ಚೆಂದರೆ ಒಂದು ದಿನ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಬೇಕು. ಹೊರಗಿರುವಾಗ ದಿನಕ್ಕೊಮ್ಮೆ ಮುಚ್ಚಳ ತುಸು ಸಡಿಲಿಸಿ ಅನಿಲ ಬಿಡಬೇಕು, ಮೇಲೆದ್ದ ಕೋಸನ್ನು ಒತ್ತಬೇಕು. ಆ ದಿನವೇ ನಮ್ಮ ತಪಾಸಣಾಧಿಕಾರಿಗಳಿಗೆ ಬೇರೆ ಕೆಲಸ! ಸಂಜೆಗೆ ಮುಚ್ಚಳ ಗುಡ್ಡದಂತೆ ಉಬ್ಬಿರುತ್ತದೆ, ಜಾಡಿಯನ್ನು ಕಂಠಪೂರ್ತಿ ತುಂಬಿದ್ದರಂತೂ ತಿರುಗಿಸಿದ್ದೇ ತಡ ಬುಸ್ಸೆಂದು ಕೆಂಪು ರಸ ಅಂಗಿ, ಗೋಡೆ, ಸ್ವಿಚ್ ಬೋರ್ಡು ಎಲ್ಲಕ್ಕೂ ಹೋಳಿಯಾಡುತ್ತದೆ. ಜಾಡಿಯ ಕೆಳಗೊಂದು ತಟ್ಟೆ ಇಡಿ. ಅಂಗಿಗೆ ದೇವರೇ ಗತಿ.

ಕೊರಿಯಾದವರು ಹಿಂದೆ ಓಂಗಿ ಎಂಬ ಮಣ್ಣಿನ ಹರವಿಗಳನ್ನು ಅಂಗಳದಲ್ಲಿ ಕುತ್ತಿಗೆವರೆಗೆ ಹೂಳುತ್ತಿದ್ದರು. ಚಳಿಗಾಲದಲ್ಲಿ ಕಿಮ್ಚಿ ಹೆಪ್ಪುಗಟ್ಟದೆ, ಬೇಗ ಹುಳಿಯದೆ, ಒಂದೇ ತಂಪಿನಲ್ಲಿರಲಿ ಎಂಬುದು ತಿಳಿದವರು ಕೊಡುವ ಕಾರಣ. ಮುಚ್ಚಳ ತೆಗೆಯುವವರು ಹಿಮದಲ್ಲಿ ಅಲ್ಲಿಯವರೆಗೆ ನಡೆಯಲಾರರು ಎಂಬ ಇನ್ನೊಂದು ಕಾರಣ ಇದ್ದಿರಲೇಬೇಕು ಎಂದು ನನ್ನ ಬಲವಾದ ಅನುಮಾನ. ಅಪಾರ್ಟ್‌ಮೆಂಟುಗಳು ಬಂದು ಅಂಗಳ ಹೋಯಿತು. 1995ರಲ್ಲಿ ದಿಮ್‌ಚೆ ಎಂಬ ಕಿಮ್ಚಿಯದೇ ಫ್ರಿಜ್ ಮಾರುಕಟ್ಟೆಗೆ ಬಂದು ಮನೆಮಾತಾಯಿತು. ಚಳಿ ಶುರುವಾಗುವಾಗ ನೆರೆಹೊರೆಯವರೆಲ್ಲ ಸೇರಿ ನೂರಾರು ಕೋಸಿಗೆ ಮಸಾಲೆ ಸವರಿ ಹಂಚಿಕೊಳ್ಳುವ ಕಿಮ್‌ಜಾಂಗ್ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿಸಿ ಕಾಪಾಡಬೇಕಾಗಿ ಬಂತು ಎನ್ನುವಾಗ ಸ್ವಲ್ಪ ಸಂಕಟವಾಗುತ್ತದೆ. ಅಷ್ಟು ಕೈಗಳು ಒಟ್ಟಿಗೆ ಕೆಂಪಾಗುತ್ತಿದ್ದಾಗ ಯಾರ ಬೆರಳಚ್ಚು ಯಾವುದೆಂದು ಯಾರೂ ಹುಡುಕುತ್ತಿರಲಿಲ್ಲ.

ಇನ್ನು ಆರೋಗ್ಯ. ಕಿಮ್ಚಿ ತಿಂದರೆ ರೋಗವೇ ಇಲ್ಲ ಎನ್ನುವವರನ್ನು ಕಂಡರೆ ನನಗೆ ಮುಚ್ಚಳದವರಿಗಿಂತ ಹೆಚ್ಚು ರೇಗುತ್ತದೆ. ನಿಜ ಇಷ್ಟು: ಕ್ಯಾಲೊರಿ ಕಡಿಮೆ, ನಾರಿನಂಶವಿದೆ, ವಿಟಮಿನ್ ಕೆ ಇದೆ, ಬೇಯಿಸದೆ ತಿಂದರೆ ಜೀವಂತ ಬ್ಯಾಕ್ಟೀರಿಯಾಗಳೂ ಹೊಟ್ಟೆಗೆ ಹೋಗುತ್ತವೆ. 2021ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಕಿಮ್ಚಿ, ಮೊಸರಿನಂಥ ಹುದುಗಿದ ಆಹಾರ ಹತ್ತು ವಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಕೆಲವು ಸೂಚಕಗಳು ಇಳಿದವು. ಪಾಲ್ಗೊಂಡವರು ಒಟ್ಟು 36 ಜನ, ಅದರಲ್ಲೂ ಅರ್ಧದಷ್ಟು ಮಂದಿ ತಿಂದದ್ದು ನಾರಿನ ಆಹಾರ. ಇಷ್ಟರಿಂದ ಕಿಮ್ಚಿಯನ್ನು ಸಂಜೀವಿನಿ ಮಾಡಲಾಗದು. ಉಪ್ಪಿನ ಮಾತಂತೂ ಯಾರೂ ಎತ್ತುವುದಿಲ್ಲ. 100 ಗ್ರಾಂ ಕಿಮ್ಚಿಯಲ್ಲಿ ಸುಲಭವಾಗಿ 500 ಮಿ.ಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿದ ಗೆರೆಯೇ 2000. ರಕ್ತದೊತ್ತಡ ಇರುವವರು ಬಟ್ಟಲು ಚಿಕ್ಕದು ಮಾಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ವಿಟಮಿನ್ ಕೆ ಕಾರಣಕ್ಕೆ ಮೊದಲು ವೈದ್ಯರನ್ನು ಕೇಳಿ.

ಫ್ರಿಜ್ಜಿನಲ್ಲಿ ಎರಡು ಮೂರು ವಾರಕ್ಕೆ ರುಚಿ ನೆತ್ತಿಗೇರುತ್ತದೆ, ಆಮೇಲೆ ಹುಳಿ ದಿನೇ ದಿನೇ ಹೆಚ್ಚುತ್ತದೆ. ಹಲ್ಲು ಚುಳ್ಳೆನ್ನುವಷ್ಟು ಹುಳಿತದ್ದನ್ನು ಎಸೆಯುವುದು ಶುದ್ಧ ದಡ್ಡತನ. ಕಿಮ್ಚಿ ಜಿಗೆ ಎಂಬ ಸಾರಿಗೆ ಹೊಸ ಕಿಮ್ಚಿ ಒಗ್ಗುವುದೇ ಇಲ್ಲ, ಹಳೆಯದೇ ಆಗಬೇಕು. ಐದು ನಿಮಿಷ ಎಣ್ಣೆಯಲ್ಲಿ ಹುರಿದು, ನೀರು, ಅರ್ಧ ಕಪ್ ಕಿಮ್ಚಿ ರಸ, ಚಿಟಿಕೆ ಸಕ್ಕರೆ ಹಾಕಿ ಇಪ್ಪತ್ತು ನಿಮಿಷ ಕುದಿಸಿ, ಕೊನೆಗೆ ತೋಫು ಬಿಡಿ. ಖಾಲಿ ಜಾಡಿ ಗಾಜಿನದಾದರೆ ತೊಳೆದು ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಆ ಬಣ್ಣ, ಆ ವಾಸನೆ ಅದನ್ನು ಬಿಟ್ಟು ಹೋಗುವುದಿಲ್ಲ. ಮುಂದಿನ ಕೋಸನ್ನೂ ಅದಕ್ಕೇ ತುಂಬಿ.