ಆ ಇಪ್ಪತ್ತು ಹೆಣ್ಣುಮಕ್ಕಳು ಓಡಿಹೋಗಿರಲಿಲ್ಲ

ಇವತ್ತು ಮಂಗಳೂರಿನಿಂದ ಬಿ.ಸಿ. ರೋಡಿಗೆ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗರಿಬ್ಬರು ಮೊಬೈಲಿನಲ್ಲಿ, ಇಪ್ಪತ್ತು ಹೆಣ್ಣುಮಕ್ಕಳನ್ನು ವಿಷ ಕೊಟ್ಟು ಕೊಂದ ಸಯನೈಡ್ ಮೋಹನನ ಕತೆ ಜೋರಾಗಿ ಹಾಕಿಕೊಂಡು ನೋಡುತ್ತಿದ್ದರು. ಒಬ್ಬ ಹೇಳಿದ, "ಎಂಥಾ ತಲೆ ಮಾರಾಯ ಅವನದ್ದು! ಇಪ್ಪತ್ತು ಜನ, ಯಾರಿಗೂ ಗೊತ್ತೇ ಆಗ್ಲಿಲ್ಲ." ನನಗೆ ಮೈಯೆಲ್ಲ ಉರಿಯಿತು. ಊಟ ಮಾಡಿ ಕೂತರೂ ಆ ಸಿಟ್ಟು ಇಳಿದಿಲ್ಲ.

ತಲೆಯಂತೆ ತಲೆ! 2003ರಿಂದ 2009ರವರೆಗೆ ಅವನು ಮಾಡಿದ್ದು ಒಂದೇ ಕೆಲಸ, ಒಂದೇ ರೀತಿ. ಬಡವರ ಮನೆಯ, ಮದುವೆಗೆ ಕಾಯುತ್ತಿದ್ದ ಹುಡುಗಿಯನ್ನು ಹುಡುಕುವುದು. ಸುಳ್ಳು ಹೆಸರು, ನಿಮ್ಮದೇ ಜಾತಿ, ಸರ್ಕಾರಿ ಕೆಲಸ, ವರದಕ್ಷಿಣೆ ಬೇಡ ಅನ್ನುವುದು. ದೂರದ ಊರಿಗೆ ಕರೆದೊಯ್ದು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ, ಒಡವೆ ರೂಮಿನಲ್ಲೇ ಇರಲಿ, ಈ ಮಾತ್ರೆ ತಗೋ, ಗರ್ಭ ನಿಲ್ಲುವುದಿಲ್ಲ. ಅವಳು ನಿಲ್ದಾಣದ ಶೌಚಾಲಯಕ್ಕೆ ಹೋಗಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಮಾತ್ರೆಯಲ್ಲಿದ್ದದ್ದು ಸಯನೈಡ್, ಅಲ್ಲೇ ಸಾಯುತ್ತಿದ್ದಳು. ಇವನು ರೂಮಿಗೆ ಮರಳಿ ಒಡವೆ ಕಟ್ಟಿಕೊಂಡು ಹೊರಡುತ್ತಿದ್ದ.

ಆ ಬಾಗಿಲನ್ನು ಯಾರೋ ಒಡೆದಿರುತ್ತಾರಲ್ಲ? ಮದುಮಗಳ ಹಾಗೆ ಸೀರೆ ಉಟ್ಟ ಹೆಣ್ಣು, ಕೊರಳಲ್ಲಿ ಚಿನ್ನವಿಲ್ಲ, ಕೈಯಲ್ಲಿ ಬ್ಯಾಗಿಲ್ಲ, ಗುರುತು ಹೇಳುವವರಿಲ್ಲ. ಅಸಹಜ ಸಾವು ಎಂದು ಬರೆದು ಕಡತ ಕಟ್ಟಿಟ್ಟರು. ಮತ್ತೊಂದು ಹೆಣ, ಮತ್ತೊಂದು ಕಡತ. ಅವಳು ಯಾರ ಮಗಳು ಎಂದು ಕೇಳುವವರಿರಲಿಲ್ಲ. ಅವನ ತಲೆ ಅಲ್ಲ ಅದು, ನಮ್ಮ ಅಸಡ್ಡೆ.

"ಆಗ ಠಾಣೆಗಳ ನಡುವೆ ಕಂಪ್ಯೂಟರ್ ಜಾಲ ಇರಲಿಲ್ಲ, ಒಂದು ಜಿಲ್ಲೆಯದ್ದು ಇನ್ನೊಂದಕ್ಕೆ ತಿಳಿಯುವುದು ಹೇಗೆ" ಎಂದು ನಮ್ಮ ಬಾವ ಹೇಳುತ್ತಾರೆ. ಇರಲಿ. ಆದರೆ ಮೈಸೂರಿನ ಒಂದೇ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಹೆಣಗಳು ಎಂಟು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಐದು. ಎಂಟನ್ನು ಎಣಿಸಲು ಯಾವ ಕಂಪ್ಯೂಟರ್ ಬೇಕಿತ್ತು ಬಾವ?

ಪೊಲೀಸರನ್ನಷ್ಟೇ ಬೈದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಎಷ್ಟೋ ಮನೆಗಳಲ್ಲಿ ದೂರೇ ಕೊಟ್ಟಿರಲಿಲ್ಲ. ಮಗಳು ಯಾರ ಜೊತೆಗೋ ಹೋದಳು, ಹೇಳಿದರೆ ನಮ್ಮದೇ ಮರ್ಯಾದೆ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ನಾವು ನಾಲ್ವರು ಅಕ್ಕತಂಗಿಯರು. ಆ ಭಯ ಏನೆಂದು ನಮ್ಮ ಅಮ್ಮನ ಮುಖದಲ್ಲೇ ನೋಡಿದ್ದೇನೆ. ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಆ ವರ್ಷಗಳಲ್ಲೇ ನಮ್ಮ ಓಣಿಯ ಬೀಡಿ ಕಟ್ಟುವ ಹುಡುಗಿಯೊಬ್ಬಳು ನಾಲ್ಕು ದಿನ ಕಾಣಲಿಲ್ಲ. ಬಾವಿಕಟ್ಟೆಯ ಹತ್ತಿರ ಅವಳಮ್ಮನ ಎದುರೇ "ಓಡಿಹೋಗಿರ್ಬೇಕು" ಎಂದವಳು ನಾನು. ಆ ತಾಯಿ ತುಂಬಿದ ಕೊಡ ಅಲ್ಲೇ ಬಿಟ್ಟು ಮನೆಗೆ ಹೋದರು. ಹುಡುಗಿ ಚಿಕ್ಕಮ್ಮನ ಮನೆಯಿಂದ ವಾಪಸ್ ಬಂದಳು, ಈಗ ಎರಡು ಮಕ್ಕಳ ತಾಯಿ. ಆದರೆ ಆ ಕೊಡ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಕೊನೆಗೆ ಅವನು ಸಿಕ್ಕಿದ್ದು ಹೇಗೆ? 2009ರ ಜೂನ್‌ನಲ್ಲಿ ಬಂಟ್ವಾಳದ ಬರಿಮಾರಿನ ಯುವತಿ ಕಾಣೆಯಾದಳು. ಅನ್ಯಮತದವನ ಜೊತೆ ಹೋಗಿದ್ದಾಳೆಂದು ಗುಲ್ಲೆದ್ದಿತು, ಠಾಣೆಯ ಎದುರು ಜನ ಸೇರಿದರು. ಆಮೇಲೆ ಪೊಲೀಸರು ಅವಳ ಫೋನ್ ಕರೆಗಳ ಬೆನ್ನು ಹತ್ತಿದರು. ಒಂದು ನಂಬರು ಕಾಣೆಯಾದ ಇನ್ನೊಬ್ಬಳದ್ದು, ಅಲ್ಲಿಂದ ಮತ್ತೊಬ್ಬಳದ್ದು. ಅಕ್ಟೋಬರ್‌ನಲ್ಲಿ ಕನ್ಯಾನದ ಆ ಮಾಸ್ಟ್ರು ಸಿಕ್ಕಿಬಿದ್ದ. ಹೌದು, ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವನು. ಬೆನ್ನು ಹತ್ತಿದ ಆ ಪೊಲೀಸರಿಗೆ ಕೈ ಮುಗಿಯುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ. ಒಂದು ಸುಳ್ಳು ಗುಲ್ಲಿಗೆ ಇಡೀ ಊರು ಎದ್ದು ನಿಂತಿತು, ಅದಕ್ಕೆ ಮೊದಲು ಅಷ್ಟೊಂದು ಹೆಣ್ಣುಮಕ್ಕಳು ಮನೆಗೆ ಬರದಿದ್ದಾಗ ಎದ್ದಿರಲಿಲ್ಲ. 2013ರಲ್ಲಿ ಮಂಗಳೂರಿನ ಕೋರ್ಟು ಗಲ್ಲು ವಿಧಿಸಿತು. 2017ರಲ್ಲಿ ಬರಿಮಾರಿನವಳ ಪ್ರಕರಣದಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣ ಮುಗಿಯುವಾಗ 2020.

ಬಸ್ಸಿನಲ್ಲಿ ಸುಮ್ಮನಿರಲಾಗದೆ ಇದನ್ನೆಲ್ಲ ಆ ಹುಡುಗರಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಇಳಿಯುವಾಗ ಒಬ್ಬ ಮೆಲ್ಲಗೆ ಕೇಳಿದ, "ಅಕ್ಕಾ, ಅವರ ಮನೆಯವರೆಲ್ಲ ಈಗ್ಲೂ ಇಲ್ಲೇ ಇದ್ದಾರಾ?"

"ಇದ್ದಾರೆ. ಈ ಬಸ್ಸಲ್ಲೂ ಇರಬಹುದು" ಎಂದೆ.

ಅವನು ಫೋನ್ ಕಿಸೆಗೆ ಹಾಕಿಕೊಂಡ.